ಮೈಸೂರಿನ ದುಡ್ಡು, ಲಂಡನ್ನಿನ ಪ್ಲೇಟು

ಒಂದು ಹಾಡು ಇಷ್ಟವಾದರೆ ನಾವು ಹಾಡಿದವರು ಯಾರು ಎಂದು ಕೇಳುತ್ತೇವೆ. ಬರೆದವರು ಯಾರು, ರಾಗ ಹಾಕಿದವರು ಯಾರು ಎಂದೂ ಕೇಳುತ್ತೇವೆ. ಈ ಹಾಡು ಪ್ಲೇಟಿಗೆ ಹತ್ತಲಿ, ಇದಕ್ಕೆ ಖರ್ಚು ಮಾಡೋಣ ಎಂದು ಕಂಪನಿಯ ಕಚೇರಿಯಲ್ಲಿ ಕೂತು ತೀರ್ಮಾನ ಮಾಡಿದವರೊಬ್ಬರು ಇರುತ್ತಾರಲ್ಲ, ಅವರ ಹೆಸರು ಮಾತ್ರ ಯಾರಿಗೂ ಬೇಕಿಲ್ಲ. ಇವತ್ತಿನ ಮಾತು ಅಂಥವರೊಬ್ಬರ ಬಗ್ಗೆ.

ಈ ಕೆಲಸದಲ್ಲಿ ಎರಡು ಬಗೆಯ ಜಾಣತನ ಉಂಟು. ಒಂದಕ್ಕೆ ಅಮೆರಿಕದ ಬೆರಿ ಗಾರ್ಡಿ ಉದಾಹರಣೆ. ಕಾರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರು 1959ರಲ್ಲಿ ಮನೆಯವರ ಉಳಿತಾಯದಿಂದ 800 ಡಾಲರ್ ಸಾಲ ತೆಗೆದುಕೊಂಡು ಡೆಟ್ರಾಯಿಟ್‌ನಲ್ಲಿ ಕಂಪನಿ ತೆರೆದರು. ಸೋಲ್ ಸಂಗೀತವನ್ನು ಲೋಕಕ್ಕೆಲ್ಲ ಮುಟ್ಟಿಸಿದ ಮೋಟೌನ್ ಅದೇ. ಜನ ಜೇಬಿನಿಂದ ಕಾಸು ತೆಗೆದು ಕೊಳ್ಳುವ ಹಾಡು ಯಾವುದು ಎಂದು ಮೊದಲೇ ಗುರುತಿಸುವುದು ಅವರ ವಿದ್ಯೆ. ಇನ್ನೊಂದು ಬಗೆಯ ಜಾಣತನ ಇದಕ್ಕೆ ಪೂರ್ತಿ ತಿರುಗುಮುರುಗು: ಜನ ಕೊಳ್ಳದ ಸಂಗೀತಕ್ಕೆ ದುಡ್ಡು ಕೊಡುವವರನ್ನು ಹುಡುಕಿ ತರುವುದು. ಇದರಲ್ಲಿ ಲಂಡನ್ನಿನ ವಾಲ್ಟರ್ ಲೆಗ್ ಅವರನ್ನು ಮೀರಿಸಿದವರು ಇಲ್ಲ. ಕನ್ನಡದ ರೇಡಿಯೊದಲ್ಲಿ ಅವರ ಕಥೆ ಯಾಕೆ ಎಂದರೆ, ಅವರ ವೃತ್ತಿಜೀವನದ ಬಹಳ ಮುಖ್ಯವಾದ ಮೂರು ನಾಲ್ಕು ವರ್ಷಗಳಲ್ಲಿ ದುಡ್ಡು ಬಂದದ್ದು ಮೈಸೂರಿನ ಅರಮನೆಯಿಂದ.

ಲೆಗ್ ಹುಟ್ಟಿದ್ದು 1906ರಲ್ಲಿ, ಲಂಡನ್‌ನಲ್ಲಿ. ಹದಿನಾರಕ್ಕೇ ಶಾಲೆ ಬಿಟ್ಟರು, ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಸಂಗೀತವನ್ನೂ ಜರ್ಮನ್ ಭಾಷೆಯನ್ನೂ ತಾವೇ ಓದಿ ಕಲಿತರು. ಇಪ್ಪತ್ತು ದಾಟುವಷ್ಟರಲ್ಲಿ ಎಚ್‌ಎಂವಿ ಕಂಪನಿ ಸೇರಿದ್ದರು. ಕೊಳವೆಯ ಮುಂದೆ ನಾಯಿ ಕೂತ ಚಿತ್ರದ ಪ್ಲೇಟು ನಮ್ಮ ಅಜ್ಜಂದಿರ ಮನೆಗಳಲ್ಲಿ ಇತ್ತಲ್ಲ, ಅದೇ ಕಂಪನಿ. ಅಂಗಡಿಯವರಿಗಾಗಿ ಹೊರಡುತ್ತಿದ್ದ ಪತ್ರಿಕೆಯನ್ನು ನೋಡಿಕೊಳ್ಳುವುದು, ಪ್ಲೇಟಿನ ಜೊತೆ ಇಡುವ ಟಿಪ್ಪಣಿ ಬರೆಯುವುದು ಅವರ ಕೆಲಸ. 1931ರ ಹೊತ್ತಿಗೆ ಜಗತ್ತಿನೆಲ್ಲೆಡೆ ಆರ್ಥಿಕ ಮುಗ್ಗಟ್ಟು. ಹೆಚ್ಚು ಜನ ಕೇಳದ ಸಂಗೀತಕ್ಕೆ ಕಂಪನಿ ಕೈಹಾಕುವ ಮಾತೇ ಇರಲಿಲ್ಲ. ಆಗ ಲೆಗ್ ಒಂದು ಉಪಾಯ ಹೇಳಿದರು: ಚಂದಾ ಎತ್ತೋಣ. ಹ್ಯೂಗೊ ವೋಲ್ಫ್ ಎಂಬ ಆಸ್ಟ್ರಿಯದ ಸಂಗೀತಗಾರರ ಹಾಡುಗಳಿಗೆ 500 ಜನ ಮುಂಗಡ ಕೊಟ್ಟರೆ ಧ್ವನಿಮುದ್ರಣ ಮಾಡೋಣ, ಇಲ್ಲದಿದ್ದರೆ ಬೇಡ. ಚಂದಾ ಬಂತು, ಜಪಾನಿನಿಂದಲೂ ಬಂತು. ಆಮೇಲೆ ಇದೇ ದಾರಿಯಲ್ಲಿ ಬೀಥೋವನ್ ಸೊನಾಟಾಗಳು ಬಂದವು, ಸಿಬೇಲಿಯಸ್ ಬಂದರು.

ಕನ್ನಡ ಓದಿದವರಿಗೆ ಇದು ಹೊಸ ಉಪಾಯವೇನೂ ಅಲ್ಲ. ಪ್ರಕಟಣಪೂರ್ವ ಬೆಲೆ ಎಂದು ನಮ್ಮ ಪ್ರಕಾಶಕರು ಕೇಳುತ್ತಿದ್ದದ್ದು ಇದನ್ನೇ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಸುತ್ತಿ ಮಾರಿದ್ದೂ ಇದೇ ಕಷ್ಟಕ್ಕೆ. ಅಂತರ ಇಷ್ಟೇ, ಲೆಗ್ ಬೆನ್ನ ಹಿಂದೆ ದೊಡ್ಡ ಕಂಪನಿ ಇತ್ತು. ಅವರು ಗಂಟು ಹೊರಬೇಕಾಗಲಿಲ್ಲ.

ಯುದ್ಧ ಬಂತು. ಕಣ್ಣಿನ ದೋಷದಿಂದ ಲೆಗ್ ಸೈನ್ಯಕ್ಕೆ ಸಲ್ಲಲಿಲ್ಲ, ಸೈನಿಕರಿಗೆ ಶಾಸ್ತ್ರೀಯ ಸಂಗೀತ ಕಚೇರಿ ಏರ್ಪಡಿಸುವ ಹೊಣೆ ಹೊತ್ತರು. ಆಗ ಒಳ್ಳೆಯ ವಾದ್ಯಗಾರರೆಲ್ಲರ ಪರಿಚಯವಾಯಿತು. ಯುದ್ಧ ಮುಗಿಯುತ್ತಲೇ, 1945ರಲ್ಲಿ, ಅವರನ್ನು ಕೂಡಿಸಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದ ಕಟ್ಟಿದರು. ಮೊದಲ ಕಚೇರಿ ಅಕ್ಟೋಬರ್ 27ರಂದು. ನಡೆಸಿಕೊಟ್ಟ ಸರ್ ಥಾಮಸ್ ಬೀಚಮ್ ಸಂಭಾವನೆಯಾಗಿ ಪಡೆದದ್ದು ಒಂದು ಸಿಗಾರ್ ಎಂದು ಪ್ರಸಿದ್ಧವಾದ ಕಥೆ. ಸಿಗಾರ್ ಕೊಟ್ಟು ಒಂದು ಕಚೇರಿ ಮಾಡಿಸಬಹುದು, ಎಂಬತ್ತು ತೊಂಬತ್ತು ವಾದ್ಯಗಾರರ ಸಂಸಾರ ನಡೆಸಲಾಗದು. ಧ್ವನಿಮುದ್ರಣದ ಕೂಲಿಯ ಮೇಲೆ ವೃಂದ ಹೇಗೋ ಉಸಿರಾಡುತ್ತಿತ್ತು.

ಇಲ್ಲಿಗೆ ಲಂಡನ್ ಬಿಟ್ಟು ಮೈಸೂರಿಗೆ ಬರೋಣ.

ಜಯಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. 1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ನರಸಿಂಹರಾಜ ಒಡೆಯರ್ ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರು. ಸೆಪ್ಟೆಂಬರ್‌ನಲ್ಲಿ ಇಪ್ಪತ್ತೊಂದು ವರ್ಷದ ಹುಡುಗ ಸಿಂಹಾಸನ ಏರಿದರು. ಅವರಿಗೆ ಪಿಯಾನೋ ವಾದಕರಾಗಬೇಕೆಂಬ ಆಸೆ ಇತ್ತು. ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್ ಅವರಲ್ಲಿ ಕಲಿತಿದ್ದರು, ರಷ್ಯದ ರಾಖ್ಮನಿನೋವ್ ಬಳಿ ಮುಂದೆ ಕಲಿಯುವ ಹಂಬಲವಿತ್ತೆಂದೂ ಅವರ ಬಗ್ಗೆ ಬರೆದವರು ಹೇಳುತ್ತಾರೆ. ಅದೆಲ್ಲ ಪಟ್ಟಾಭಿಷೇಕದ ದಿನಕ್ಕೆ ನಿಂತಿತು. ಆದರೂ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು. ಟ್ರಿನಿಟಿ ಕಾಲೇಜು 1945ರಲ್ಲಿ ಗೌರವ ಫೆಲೋ ಮಾಡಿಕೊಂಡಿತು.

ಇಂಗ್ಲಿಷ್ ಸಂಗೀತ ಮೈಸೂರಿನ ಅರಮನೆಗೆ ಹೊಸದಾಗಿರಲಿಲ್ಲ. ನಾಲ್ವಡಿಯವರ ಕಾಲದಲ್ಲೇ ಜರ್ಮನಿಯ ಆಟೊ ಶ್ಮಿಟ್ ಅರಮನೆಯ ವಾದ್ಯವೃಂದ ನಡೆಸುತ್ತಿದ್ದರು. ವೀಣೆ ಶೇಷಣ್ಣನವರು ಪಿಯಾನೋದ ಮೇಲೆ ನಮ್ಮ ರಾಗಗಳನ್ನು ನುಡಿಸುತ್ತಿದ್ದರು. ಕೊಳಲು ಪಿಟೀಲು ವೀಣೆ ಎಷ್ಟು ಸಹಜವೋ ಬ್ಯಾಂಡೂ ಅಷ್ಟೇ ಸಹಜ. ದಸರೆಯ ಮೆರವಣಿಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಕೊಲಾಯ್ ಮೆಟ್ನರ್ ಎಂಬ ಇನ್ನೊಬ್ಬ ರಷ್ಯನ್ನರ ಕಥೆ ಇದರೊಳಗೆ ಬರುತ್ತದೆ. ಮಾಸ್ಕೊದವರು, 1880ರ ಆರಂಭದಲ್ಲಿ ಹುಟ್ಟಿದವರು, ರಾಖ್ಮನಿನೋವ್ ಅವರ ಸ್ನೇಹಿತರು. ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಎಂದು ಅಲೆದು 1930ರ ದಶಕದ ನಡುವೆ ಲಂಡನ್ನಿಗೆ ಬಂದು ಸೇರಿದರು. ನಮ್ಮ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ರಷ್ಯಾ ಕ್ಲಸ್ಟರಿನಿಂದ ಇಂಗ್ಲೆಂಡ್ ಕ್ಲಸ್ಟರಿಗೆ ಹಾಲು ತರಲು ನಡೆದು ಹೋಗಿ ಬರುತ್ತೇವೆ. ಮೆಟ್ನರ್ ಅವರಿಗೆ ಆ ದಾರಿ ಸವೆಸಲು ಹದಿನಾಲ್ಕು ಹದಿನೈದು ವರ್ಷ ಹಿಡಿಯಿತು. ಹೋದ ಕಡೆಯಲ್ಲೆಲ್ಲ ಅವರ ಸಂಗೀತ ಹಳೆಯ ಕಾಲದ್ದು ಎನ್ನಿಸಿಕೊಂಡಿತು. ಹೊಸ ಪ್ರಯೋಗಗಳ ಕಾಲದಲ್ಲಿ ಆ ಮನುಷ್ಯ ತಾಳ ಮೇಳ ಶ್ರುತಿ ಬಿಡಲು ಒಪ್ಪದೆ ಕೂತಿದ್ದರು. ಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತ. ಲಂಡನ್ನಿನಲ್ಲಿ ಇದ್ದರೂ ಲಂಡನ್ನಿಗೆ ಬೇಡವಾದ ಮುದುಕರು.

ಅವರ ಸಂಗೀತ ಮೈಸೂರಿನ ತರುಣ ದೊರೆಗೆ ಬೇಕಿತ್ತು. ಅವರ ಸಂಗ್ರಹದಲ್ಲಿ ಸುಮಾರು 20,000 ಪ್ಲೇಟುಗಳಿದ್ದವು ಎಂಬ ಅಂದಾಜು ಇದೆ. ಅಷ್ಟೊಂದರಲ್ಲಿ ಮೆಟ್ನರ್ ತುಂಬಾ ಕಡಿಮೆ. ಇಲ್ಲದಿದ್ದರೆ ಮಾಡಿಸಬೇಕು! 1946ರಲ್ಲಿ ಲಂಡನ್ನಿನಲ್ಲಿದ್ದ ಮೈಸೂರಿನ ವಾಣಿಜ್ಯ ಪ್ರತಿನಿಧಿಯ ಮೂಲಕ ಮಾತು ಹೋಯಿತು: ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಬೇಕು, ಖರ್ಚು ಮಹಾರಾಜರದು. ಹಾಗೆ ಹುಟ್ಟಿದ್ದು ಮೆಟ್ನರ್ ಸೊಸೈಟಿ. ಲೆಗ್ ಅವರು ಹದಿನೈದು ವರ್ಷದ ಹಿಂದೆ 500 ಜನರ ಚಂದಾ ಎತ್ತಿ ಮಾಡಿದ್ದ ಕೆಲಸಕ್ಕೆ ಈಗ ಒಬ್ಬರೇ ಚಂದಾದಾರರು.

1947ರಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೋ ಕಂಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ಜೊತೆ ನುಡಿಸಿದರು. ವಯಸ್ಸು ಅರವತ್ತೇಳು, ಹೃದಯ ದುರ್ಬಲ. ಅಂದಿನ ಪ್ಲೇಟಿನ ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ನಾಲ್ಕೂವರೆ ನಿಮಿಷದಷ್ಟು. ಅರ್ಧ ಗಂಟೆಗೂ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು, ಒಂದು ಸ್ವರ ತಪ್ಪಿದರೆ ಆ ಮುಖವನ್ನೇ ಮತ್ತೆ ಮೊದಲಿನಿಂದ. ಈಗಿನ ಹಾಗೆ ಕತ್ತರಿಸಿ ಅಂಟಿಸುವ ಅನುಕೂಲ ಇಲ್ಲ. ಮೂರನೆಯ ಕಂಚೆರ್ಟೊವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಪಂಪ ಅರಿಕೇಸರಿಗೆ ಭಾರತವನ್ನೇ ಅರ್ಪಿಸಿ ಅಗ್ರಹಾರ ಪಡೆದ. ಆಶ್ರಯ ಕೊಟ್ಟವನ ಹೆಸರು ಕೃತಿಯ ಮೇಲೆ ಉಳಿಯುವುದು ನಮಗೆ ಹಳೆಯ ಪದ್ಧತಿ. ಲಂಡನ್ನಿನ ಮಂಜಿನಲ್ಲಿ ಕೂತ ರಷ್ಯನ್ನರೊಬ್ಬರು ತಮ್ಮ ಅರಿಕೇಸರಿಯನ್ನು ಮೈಸೂರಿನಲ್ಲಿ ಕಂಡುಕೊಂಡರು, ಅಷ್ಟೇ.

ಲೆಗ್ ಅವರ ಕಸುಬು ಎಂಥದೆಂದು ತೋರುವುದು ಇದರ ನಂತರ. ಒಬ್ಬ ಮುದುಕ ಸಂಗೀತಗಾರನ ಮೇಲಿನ ಪ್ರೀತಿಗೆ ಬಂದ ದುಡ್ಡನ್ನು ಅಷ್ಟಕ್ಕೇ ಬಿಡುವ ಜಾಯಮಾನ ಅವರದಲ್ಲ. ಮೈಸೂರಿಗೇ ಬಂದರು. ಮೂವತ್ತು ತುಂಬದ ದೊರೆಯನ್ನು, ಅವರ ಪ್ಲೇಟುಗಳ ಭಂಡಾರವನ್ನು, ಪಿಯಾನೋಗಳನ್ನು, ದೊಡ್ಡ ಸ್ಪೀಕರುಗಳನ್ನು ಕಂಡು ಬೆರಗಾದರು. ಆ ಭೇಟಿಯನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹಿಂತಿರುಗುವಾಗ ಅವರ ಕೈಯಲ್ಲಿ ಒಂದು ಮಾತು ಇತ್ತು: ವರ್ಷಕ್ಕೆ 10,000 ಪೌಂಡ್, ಮೂರು ವರ್ಷ. ವೃಂದ ಕಾಲೂರಲಿ, ಅಪರೂಪದ ಕೃತಿಗಳ ಧ್ವನಿಮುದ್ರಣವಾಗಲಿ ಎಂದು. ಆ ದಿನಗಳಲ್ಲಿ ಒಂದು ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಅಂದರೆ ವರ್ಷಕ್ಕೆ 1,33,000 ರೂಪಾಯಿ, ಒಟ್ಟು 4 ಲಕ್ಷ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಮೈಸೂರಿನ ಮಹಾರಾಜರು.

ಹೀಗೆ 1949ರಲ್ಲಿ ಬಾಲಕಿರೆವ್ ಅವರ ಮೊದಲ ಸಿಂಫೊನಿ, ರೂಸೆಲ್ ಅವರ ನಾಲ್ಕನೆಯ ಸಿಂಫೊನಿ ಪ್ಲೇಟಿಗೆ ಬಂದವು. ಅಂದಿನ ಅಂಗಡಿಯವರು ಕೇಳಿದ್ದರೆ ಬೇಡವೇ ಬೇಡ ಎನ್ನುತ್ತಿದ್ದ ಕೃತಿಗಳು. ನಡೆಸಿಕೊಟ್ಟವರು ಹರ್ಬರ್ಟ್ ಫಾನ್ ಕರಾಯನ್. ಮುಂದೆ ಜಗತ್ತಿನ ಅತ್ಯಂತ ಪ್ರಸಿದ್ಧ ನಿರ್ದೇಶಕರಾದ ಕರಾಯನ್ ಆಗ ನಾಜಿ ಪಕ್ಷದ ಸದಸ್ಯತ್ವದ ಕಳಂಕ ಹೊತ್ತವರು. ಯುದ್ಧ ಮುಗಿದ ಮೇಲೆ ವಿಯೆನ್ನಾದಲ್ಲಿ ಅವರು ಬಹಿರಂಗ ಕಚೇರಿ ನಡೆಸುವಂತಿರಲಿಲ್ಲ. ಧ್ವನಿಮುದ್ರಣ ಬಹಿರಂಗ ಕಚೇರಿಯಲ್ಲವಲ್ಲ ಎಂದು 1946ರಲ್ಲೇ ಅವರನ್ನು ಒಪ್ಪಂದಕ್ಕೆ ಕಟ್ಟಿಹಾಕಿದವರು ಲೆಗ್. ಕೊರಳು, ಕೈ ಚೆನ್ನಾಗಿದ್ದರೆ ಮಿಕ್ಕದ್ದನ್ನು ಅವರು ನೋಡುತ್ತಿರಲಿಲ್ಲ. ಈ ಗುಣ ನನಗೆ ಹಿಡಿಸುವುದಿಲ್ಲ. ಪಿಯಾನೋ ವಾದಕ ಲಿಪಾಟಿ, ಗಾಯಕಿ ಶ್ವಾರ್ಜ್‌ಕಾಫ್, ಮರಿಯಾ ಕಲ್ಲಾಸ್, ಇವರ ಅಮೂಲ್ಯ ಧ್ವನಿಮುದ್ರಣಗಳು ನಮಗೆ ಉಳಿದಿರುವುದು ಅದೇ ಲೆಗ್ ಅವರ ಹಟದಿಂದ ಎನ್ನುವುದೂ ನಿಜ.

ಇನ್ನೊಂದು ಪ್ರಶ್ನೆಯನ್ನು ಹಾರಿಸಿ ಹೋಗುವಂತಿಲ್ಲ. ಈ ದುಡ್ಡು ಹೋದ ವರ್ಷಗಳು ಯಾವುವು? 1947ರ ಆಗಸ್ಟ್ 9ರಂದು ಮಹಾರಾಜರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಮಾಡಿದರು. ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ. ಜನ ಬೀದಿಗಿಳಿದರು, ಜೈಲಿಗೆ ಹೋದರು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಅಕ್ಕಿಗೆ ರೇಷನ್, ಸಕ್ಕರೆಗೆ ರೇಷನ್. ಅದೇ ವರ್ಷ ಲಂಡನ್ನಿನಲ್ಲಿ ಮೆಟ್ನರ್ ಮೈಸೂರಿನ ದುಡ್ಡಿನಲ್ಲಿ ಪಿಯಾನೋ ನುಡಿಸುತ್ತಿದ್ದರು. ಮಂಡ್ಯದ ರೈತರೊಬ್ಬರಿಗೆ ಈ ಸುದ್ದಿ ಮುಟ್ಟಿದ್ದರೆ ಏನೆನ್ನುತ್ತಿದ್ದರು? ಮೆಚ್ಚಿ ತಲೆದೂಗುತ್ತಿದ್ದರು ಎಂದು ನಾನಂತೂ ಹೇಳಲಾರೆ. ಅರಮನೆಯ ಉದಾರತೆಯನ್ನು ಹೊಗಳುವ ಲೇಖನಗಳಲ್ಲಿ ಈ ಎರಡು ದೃಶ್ಯಗಳನ್ನು ಒಟ್ಟಿಗೆ ಇಟ್ಟದ್ದನ್ನು ನಾನು ಕಂಡಿಲ್ಲ. ಒಟ್ಟಿಗೆ ಇಡಬೇಕು. ಇಟ್ಟ ಮೇಲೂ ಆ ದುಡ್ಡು ವ್ಯರ್ಥವಾಯಿತು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ರಾಜರ ದುಡ್ಡು ಕುದುರೆ ಜೂಜಿಗೂ ಕಾರುಗಳ ಸಾಲಿಗೂ ಹೋದ ಕಾಲ ಅದು. ಬೇರೆ ದೇಶದ, ಬೇರೆ ಭಾಷೆಯ, ಯಾರೂ ತಿರುಗಿ ನೋಡದ ಕಲಾವಿದರೊಬ್ಬರ ಕೊನೆಯ ದಿನಗಳಿಗೆ ಹೋದದ್ದು ಅಪರೂಪ.

ಇನ್ನೂ ಸೋಜಿಗದ ಸಂಗತಿ ಒಂದಿದೆ. ಅದೇ ವರ್ಷಗಳಲ್ಲಿ ಮಹಾರಾಜರು ತಾವೇ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸುತ್ತಿದ್ದರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತಿದ್ದರು. ಮೈಸೂರು ವಾಸುದೇವಾಚಾರ್ಯರು ಆಸ್ಥಾನದಲ್ಲಿದ್ದರು. ಶ್ರೀವಿದ್ಯಾ ಉಪಾಸನೆ ಹಿಡಿದ ಅವರು ಆ ಹೆಸರನ್ನೇ ಅಂಕಿತವಾಗಿಟ್ಟು ಸಂಸ್ಕೃತದಲ್ಲಿ 94 ಕೃತಿಗಳನ್ನು 94 ರಾಗಗಳಲ್ಲಿ ಕಟ್ಟಿದರು. ಬೆಳಗ್ಗೆ ದೇವಿಯ ಮೇಲೆ ಕೃತಿ, ಸಂಜೆ ಮೆಟ್ನರ್ ಅವರ ಸೊನಾಟಾ! ಇಂದಿನ ನಮ್ಮ ಜಗಳಗಳ ಕಣ್ಣಿಗೆ ಇದು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಕಾಣಬಹುದು. ಅವರಿಗೆ ಕಂಡದ್ದು ಒಂದೇ ಹೊಳೆ.

ಆದರೆ ಲೆಕ್ಕದಲ್ಲಿ ಒಂದು ಏರುಪೇರು ಉಳಿಯಿತು. ಮೈಸೂರಿನ ದುಡ್ಡಿನಿಂದ ಲೆಗ್ ಅವರ ಕೈಯಲ್ಲಿ ಹೊರಬಂದು ಹೆಸರಾದ ಪ್ಲೇಟುಗಳೆಲ್ಲ ಪಾಶ್ಚಾತ್ಯ ಸಂಗೀತದವು. ರಾಜರ ಸ್ವಂತ 94 ಕೃತಿಗಳು ಪುಸ್ತಕವಾಗಿ ಒಟ್ಟಿಗೆ ಬಂದದ್ದು 2010ರಲ್ಲಿ, ಅವರು ತೀರಿಕೊಂಡು ಮೂವತ್ತಾರು ವರ್ಷಗಳಾದ ಮೇಲೆ. ತಮ್ಮ ಕೃತಿಗಳನ್ನು ಮುಂದೊಡ್ಡಲು ಅವರಿಗೆ ಸಂಕೋಚವಿತ್ತೋ, ಕೇಳಲು ಲೆಗ್ ಅವರಿಗೆ ಕಿವಿಯಿರಲಿಲ್ಲವೋ. ಎರಡನೆಯದೇ ಹೆಚ್ಚು ಎಂದು ನನ್ನ ಊಹೆ. ಮೈಸೂರಿನವರೆಗೆ ಬಂದ ಆ ಚುರುಕು ಕಿವಿಗೆ ಬೇಕಾಗಿದ್ದದ್ದು ಲಂಡನ್ನಿನ ವೃಂದದ ಸಂಬಳ. ಪ್ಲೇಟು ಮಾಡುವ ಅರಗು ಹೆಚ್ಚಾಗಿ ಭಾರತದ ಕಾಡುಗಳದ್ದು, ದುಡ್ಡು ಮೈಸೂರಿನದು, ಮೇಲೆ ಅಂಟಿಸಿದ ಚೀಟಿ ಮಾತ್ರ ಅಲ್ಲಿಯದು. ಚನ್ನಪಟ್ಟಣದ ಬೊಂಬೆ ಕಂಡವರಿಗೆ ಅರಗಿನ ಬೆಲೆ ಗೊತ್ತು.

1950ರ ಜನವರಿ 26ರಿಂದ ಮಹಾರಾಜರು ರಾಜಪ್ರಮುಖರು. ರಾಜಧನ ವರ್ಷಕ್ಕೆ 26 ಲಕ್ಷ ಎಂದು ನಿಗದಿಯಾಗಿತ್ತು, ದೇಶದ ದೊಡ್ಡ ಮೊತ್ತಗಳಲ್ಲಿ ಒಂದು. ಆದರೂ ಹಳೆಯ ಬೊಕ್ಕಸವಲ್ಲ ಅದು. ಲಂಡನ್ನಿಗೆ ಹರಿಯುತ್ತಿದ್ದ ನೀರು ಮೆಲ್ಲಗೆ ಬತ್ತಿತು. ಆ ವರ್ಷದ ಕೊನೆಯಲ್ಲಿ ಮೆಟ್ನರ್ ತಮ್ಮ ಹಾಡುಗಳಿಗೆ ಪಿಯಾನೋ ನುಡಿಸಿದರು, ಹಾಡಿದವರು ಎಲಿಜಬೆತ್ ಶ್ವಾರ್ಜ್‌ಕಾಫ್. ಲೆಗ್ ಅವರನ್ನು 1953ರಲ್ಲಿ ಮದುವೆಯಾದವರು ಅವರೇ. ಮರುವರ್ಷ, 1951ರ ನವೆಂಬರ್ 13ರಂದು, ಮೆಟ್ನರ್ ತೀರಿಕೊಂಡರು. ಅಷ್ಟರಲ್ಲಿ ಎಲ್‌ಪಿ ಬಂದಿತ್ತು. ಮೆಟ್ನರ್ ಸೊಸೈಟಿಯ ಭಾರದ ಅರಗಿನ ಪ್ಲೇಟುಗಳು ಬೇಗ ಮೂಲೆ ಸೇರಿದವು. ಮತ್ತೆ ಜನರ ಕಿವಿಗೆ ಬಿದ್ದದ್ದು ಸಿ.ಡಿ. ಕಾಲದಲ್ಲಿ. ಇಂದು ಮೆಟ್ನರ್ ನುಡಿಸುವ ಪ್ರತಿಯೊಬ್ಬ ಪಿಯಾನೋ ವಾದಕರೂ ಆ ಧ್ವನಿಮುದ್ರಣಗಳ ಕಡೆಗೆ ಹೋಗಿಯೇ ಹೋಗುತ್ತಾರೆ.

ಲೆಗ್ ಅವರ ಮುಂದಿನ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. 1950ರ ದಶಕ ಅವರದೇ. ಕಲ್ಲಾಸ್ ಹಾಡಿದ 1953ರ ತೋಸ್ಕಾ, ಕ್ಲೆಂಪರರ್ ಅವರ ಬೀಥೋವನ್, ಎಲ್ಲದರ ಹಿಂದೆ ಅವರೇ. ಎಲ್ಲವನ್ನೂ ತಾವೊಬ್ಬರೇ ತೀರ್ಮಾನಿಸುವ ಸ್ವಭಾವ. ಕಂಪನಿ ದೊಡ್ಡದಾಗಿ ಸಮಿತಿಗಳು ಬಂದಾಗ ಅವರಿಗೆ ಹೊಂದಲಿಲ್ಲ. ಇಎಂಐ ಬಿಟ್ಟರು. 1964ರ ಮಾರ್ಚ್‌ನಲ್ಲಿ, ಫಿಲ್‌ಹಾರ್ಮೋನಿಯಾವನ್ನು ಮುಚ್ಚುವುದಾಗಿ ಸಾರಿದರು. ತಾನು ಕಟ್ಟಿದ್ದು, ತಾನೇ ಕೆಡವುತ್ತೇನೆ ಎಂಬ ಧೋರಣೆ. ವಾದ್ಯಗಾರರು ಒಪ್ಪಲಿಲ್ಲ. ತಾವೇ ಸೇರಿ ನ್ಯೂ ಫಿಲ್‌ಹಾರ್ಮೋನಿಯಾ ಎಂದು ಹೆಸರಿಟ್ಟುಕೊಂಡು ನಡೆಸಿದರು, 1977ರಲ್ಲಿ ಹಳೆಯ ಹೆಸರನ್ನೂ ಮರಳಿ ಪಡೆದರು. ಲೆಗ್ 1979ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಮಹಾರಾಜರು ಅದಕ್ಕೂ ಐದು ವರ್ಷ ಮುಂಚೆ, 1974ರ ಸೆಪ್ಟೆಂಬರ್ 23ರಂದು ಹೋಗಿದ್ದರು. ಲಂಡನ್ನಿನ ಆ ವೃಂದ ಇವತ್ತಿಗೂ ನಡೆಯುತ್ತಿದೆ.

ಒಂದು ಪ್ಲೇಟಿನ ವಿಷಯವನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಎಂಬತ್ತು ದಾಟಿದ ಮೇಲೆ ನಾಲ್ಕು ಹಾಡು ಬರೆದರು, ಮುಪ್ಪಿನ, ಬೀಳ್ಕೊಡುಗೆಯ ಹಾಡುಗಳು. ಅವುಗಳನ್ನು ಕಚೇರಿಯಲ್ಲಿ ಕೇಳುವ ಮೊದಲೇ 1949ರಲ್ಲಿ ತೀರಿಕೊಂಡರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವುಗಳ ಮೊದಲ ಪ್ರಯೋಗ. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಆ ಸಂಜೆಗೆ ಮಹಾರಾಜರು 4,800 ಡಾಲರುಗಳ ಖಾತರಿ ಕೊಟ್ಟಿದ್ದರು. ಅವರು ಮೈಸೂರು ಬಿಟ್ಟು ಬರುವಂತಿರಲಿಲ್ಲ. ಆದ್ದರಿಂದ ಕಚೇರಿಯನ್ನು ಪ್ಲೇಟಿಗೆ ಇಳಿಸಿ ಮೈಸೂರಿಗೆ ಕಳಿಸಬೇಕು ಎಂದು ಮಾತಾಗಿತ್ತು.

ಅಂದು ಸಭಾಂಗಣದಲ್ಲಿ ಕೂತವರು ಒಮ್ಮೆ ಕೇಳಿ ಮನೆಗೆ ಹೋದರು. ಇವತ್ತು ನಾವು ಕೇಳಬಹುದಾದ ಆ ಸಂಜೆಯ ದನಿ, ಬರಲಾಗದವರೊಬ್ಬರಿಗಾಗಿ ಮಾಡಿಸಿದ ಏರ್ಪಾಡಿನದು. ಈಗ ಅದು ಸಿ.ಡಿ.ಯಾಗಿ ಸಿಗುತ್ತದೆ. ಒಗ್ಗರಣೆ ಸಿಡಿಯುವಂತೆ ಚಟಪಟ ಸದ್ದು, ನಡುನಡುವೆ ವೃಂದವೇ ಮುಳುಗಿಹೋದಂತೆ. ಅದರ ಹಿಂದಿನಿಂದ, ಮಳೆಯಲ್ಲಿ ಪಕ್ಕದ ಮನೆಯಿಂದ ಬಂದ ಹಾಗೆ, ಫ್ಲಾಗ್‌ಸ್ಟಡ್ ಅವರ ದೊಡ್ಡ ದನಿ. ಕೊನೆಯ ಹಾಡಿನಲ್ಲಿ ಸಂಜೆಯ ಬಾನಿಗೆ ಎರಡು ಹಕ್ಕಿಗಳು ಏರುತ್ತವೆ, ಕೊಳಲುಗಳು ಆ ಹಕ್ಕಿಗಳಾಗುತ್ತವೆ. ಕೇಳುವಾಗ ಸದ್ದು ಸ್ವಲ್ಪ ಜೋರಾಗಿಟ್ಟುಕೊಳ್ಳಿ, ಇಲ್ಲದಿದ್ದರೆ ಹಕ್ಕಿಗಳು ಕೇಳುವುದಿಲ್ಲ.